ಸ್ಥಾನ ಮತ್ತು ಸ್ಥಾನಾಂತರ: ಕ್ರಿಸ್ಟಿಯನ್ ಎರಿಕ್ಸನ್ ಆಟದ ಒಂದು ಅಧ್ಯಯನ

2021ರ ಜೂನ್ 12ರ ಸಂಜೆ ಕೋಪನ್‌ಹೇಗನ್ನಿನ ಪಾರ್ಕೆನ್ ಕ್ರೀಡಾಂಗಣದಲ್ಲಿ ಡೆನ್ಮಾರ್ಕಿನ ಮಿಡ್‌ಫೀಲ್ಡರ್ ಕ್ರಿಸ್ಟಿಯನ್ ಎರಿಕ್ಸನ್ ಕುಸಿದು ಬಿದ್ದರು. ಅಲ್ಲಿಂದೀಚೆಗೆ ಅವರ ಬಗೆಗಿನ ಬರಹಗಳು ಹೆಚ್ಚಾಗಿ ಆ ಒಂದು ಸಂಜೆಯ ಸುತ್ತಲೇ ಸುತ್ತಿವೆ. ಬೀಳುವ ಮೊದಲಿನದು ಪ್ರತಿಭೆಯ ಕಥೆ, ಎದ್ದ ಮೇಲಿನದು ಪವಾಡದ ಕಥೆ ಎಂದು ವೃತ್ತಿಜೀವನವನ್ನು ಎರಡು ಹೋಳು ಮಾಡಿ ನೋಡುವ ಕ್ರಮ ರೂಢಿಯಾಗಿದೆ. ಈ ಓದಿನಲ್ಲಿ ಮನುಷ್ಯ ಉಳಿಯುತ್ತಾನೆ, ಆಟ ಕಾಣೆಯಾಗುತ್ತದೆ. ಪುನರಾಗಮನದ ನಂತರ ಎರಿಕ್ಸನ್ ಕಣದಲ್ಲಿ ಹಿಂದೆ ಸರಿದು ಆಡಿದ್ದಕ್ಕೆ ಅವರ ಹೃದಯವೇ ಕಾರಣ ಎಂಬ ಊಹೆಯೂ ಇಲ್ಲಿಂದಲೇ ಹುಟ್ಟುತ್ತದೆ. ಈ ಊಹೆ ನಿಲ್ಲುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಆ ಸ್ಥಾನಾಂತರ ಶುರುವಾದದ್ದು ಕುಸಿತಕ್ಕೆ ಸುಮಾರು ಐದು ತಿಂಗಳು ಮೊದಲು, ಮಿಲಾನ್ ನಗರದಲ್ಲಿ. ಎರಿಕ್ಸನ್ ಅವರ ವೃತ್ತಿಜೀವನವೆಂದರೆ, ನನ್ನ ಓದಿನಲ್ಲಿ, ಒಬ್ಬ ಆಟಗಾರನಿಗೆ ಕಣದಲ್ಲಿ ಎಲ್ಲಿ ಜಾಗ ಸಿಗುತ್ತದೆ, ಆ ಜಾಗವನ್ನು ಯಾರು ಕೊಡುತ್ತಾರೆ ಎಂಬುದರ ಚರಿತ್ರೆ.

ಹುಟ್ಟಿದ್ದು 1992ರ ಫೆಬ್ರವರಿ 14ರಂದು, ಫ್ಯೂನ್ ದ್ವೀಪದ ಪಶ್ಚಿಮ ಅಂಚಿನ ಮಿಡೆಲ್‌ಫಾರ್ಟ್ ಎಂಬ ಸಣ್ಣ ಪಟ್ಟಣದಲ್ಲಿ. ಅದೇ ವರ್ಷದ ಜೂನ್ 26ರಂದು ಗೋಥೆನ್‌ಬರ್ಗ್‌ನಲ್ಲಿ ಡೆನ್ಮಾರ್ಕ್ ಜರ್ಮನಿಯನ್ನು 2–0 ಗೋಲುಗಳಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆಯಿತು. ಆ ಟೂರ್ನಿಗೆ ಡೆನ್ಮಾರ್ಕ್ ಅರ್ಹತೆಯನ್ನೇ ಗಳಿಸಿರಲಿಲ್ಲ. ನಿಷೇಧಕ್ಕೊಳಗಾದ ಯುಗೊಸ್ಲಾವಿಯಾದ ಸ್ಥಾನದಲ್ಲಿ ಕೊನೆಗಳಿಗೆಯಲ್ಲಿ ಕರೆ ಬಂದಿತ್ತು. ಅರವತ್ತು ಲಕ್ಷದಷ್ಟು ಜನರ ದೇಶವೊಂದು ಫುಟ್‌ಬಾಲಿನಲ್ಲಿ ಹೇಗೆ ಬದುಕುತ್ತದೆ ಎನ್ನುವುದಕ್ಕೆ ಇದು ಒಂದು ಉತ್ತರ. ಇನ್ನೊಂದು ಉತ್ತರ ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್ ಕ್ಲಬ್. ಸೋರೆನ್ ಲೆರ್ಬಿ, ಫ್ರಾಂಕ್ ಆರ್ನೆಸನ್, ಯೆಸ್ಪರ್ ಓಲ್ಸನ್, ಯಾನ್ ಮೊಲ್ಬಿ ಅಲ್ಲಿ ಬೆಳೆದರು. ಮೈಕೇಲ್ ಲಾಡ್ರಪ್ 1998ರಲ್ಲಿ ಅಲ್ಲೇ ಆಟ ಮುಗಿಸಿದರು. ಒಡೆನ್ಸೆಯ ಕ್ಲಬ್ಬಿನಲ್ಲಿ ಪಳಗುತ್ತಿದ್ದ ಹುಡುಗ ಚೆಲ್ಸಿ, ಬಾರ್ಸಿಲೋನಾ, ಮಿಲಾನ್‌ಗಳಲ್ಲಿ ಪರೀಕ್ಷೆಗೆ ಹೋಗಿ ಬಂದು, ಕೊನೆಗೆ 2008ರಲ್ಲಿ ಹದಿನಾರರ ವಯಸ್ಸಿಗೆ ಈ ಹಳೆಯ ದಾರಿಯನ್ನೇ ಹಿಡಿದ.

ಅಯಾಕ್ಸ್ ಕಲಿಸಿದ್ದು ಏನು? ಚೆಂಡು ಕಾಲಿಗೆ ಬರುವ ಮೊದಲೇ ಮುಂದಿನ ಪಾಸ್ ಎಲ್ಲಿಗೆ ಎಂದು ತಿಳಿದಿರುವುದು. ಎರಿಕ್ಸನ್ ಆಟದ ಯಾವುದೇ ದೃಶ್ಯಾವಳಿಯನ್ನು ಚೆಂಡನ್ನು ಬಿಟ್ಟು ಅವರ ತಲೆಯನ್ನಷ್ಟೇ ಗಮನಿಸಿ ನೋಡಬೇಕು. ಪಾಸ್ ಹೊರಡುವ ಮೊದಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮತ್ತೆ ಹೆಗಲ ಮೇಲಿಂದ ಹಿಂದಕ್ಕೆ ನೋಟ ಹಾಯುತ್ತದೆ. ಮೈಯನ್ನು ಅರ್ಧ ತಿರುಗಿಸಿ ನಿಂತು ದೂರದ ಕಾಲಿನಲ್ಲಿ ಚೆಂಡನ್ನು ತಡೆಯುತ್ತಾರೆ. ತಡೆದದ್ದೇ ಮುಂದಿನ ಚಲನೆಯ ಆರಂಭವಾಗಿರುತ್ತದೆ. ವೇಗ ಅವರ ಬಲವಲ್ಲ, ಮೈಕಟ್ಟಂತೂ ಅಲ್ಲವೇ ಅಲ್ಲ. ಎರಡೂ ಕಾಲುಗಳಿಂದ ಒಂದೇ ನಿಖರತೆಯಲ್ಲಿ ಹೊಡೆಯಬಲ್ಲರು, ಅಷ್ಟೆ. 2010ರ ಜನವರಿಯಲ್ಲಿ ಮಾರ್ಟಿನ್ ಯೊಲ್ ಅವರನ್ನು ಮೊದಲ ತಂಡದಲ್ಲಿ ಆಡಿಸಿದರು. ಮಾರ್ಚ್ 3ರಂದು ಆಸ್ಟ್ರಿಯದ ವಿರುದ್ಧ ದೇಶದ ಪರ ಮೊದಲ ಪಂದ್ಯ. ಆ ಬೇಸಿಗೆಯ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಕಿರಿಯ ಆಟಗಾರ. 2011ರಿಂದ 2013ರವರೆಗೆ ಡಚ್ ಲೀಗಿನ ಸತತ ಮೂರು ಪ್ರಶಸ್ತಿಗಳು ಬಂದವು.

2013ರ ಆಗಸ್ಟ್‌ನಲ್ಲಿ ಟಾಟನ್‌ಹ್ಯಾಮ್ ಅವರನ್ನು ಸುಮಾರು 1.1 ಕೋಟಿ ಪೌಂಡಿಗೆ ಕೊಂಡಿತು. ಮುಂದಿನ ವರ್ಷ ಮೌರಿಸಿಯೊ ಪೊಚೆಟಿನೊ ತರಬೇತುದಾರರಾಗಿ ಬಂದ ಮೇಲೆ ಎರಿಕ್ಸನ್ ಅವರ ಸ್ಥಾನ ಕುತೂಹಲದ ತಿರುವು ಪಡೆಯಿತು. ಎದುರಾಳಿಯ ಮಧ್ಯ ಪಂಕ್ತಿಗೂ ರಕ್ಷಣಾ ಪಂಕ್ತಿಗೂ ನಡುವಿನ ಓಣಿಯಲ್ಲಿ ಆಡುವವರನ್ನು ಫುಟ್‌ಬಾಲಿನ ಭಾಷೆಯಲ್ಲಿ ಹತ್ತನೇ ಸಂಖ್ಯೆಯ ಆಟಗಾರ ಎನ್ನುತ್ತಾರೆ. ಎರಿಕ್ಸನ್ ಹುಟ್ಟಿದ್ದೇ ಆ ಓಣಿಗಾಗಿ ಎಂಬ ಮಾತಿತ್ತು. ಪೊಚೆಟಿನೊ ಮಾತ್ರ ಹಲವು ಪಂದ್ಯಗಳಲ್ಲಿ ಅವರನ್ನು ಅಂಚಿನಲ್ಲಿ ನಿಲ್ಲಿಸಿ, ಅಲ್ಲಿಂದ ಒಳಕ್ಕೆ ನುಸುಳಲು ಬಿಟ್ಟರು. ನಡುವಿನ ಜಾಗಕ್ಕೆ ಡೆಲೆ ಆಲಿ ಓಡಿ ಬರುತ್ತಿದ್ದರು, ಮುಂದೆ ಹ್ಯಾರಿ ಕೇನ್. ಅಂಚಿನಿಂದ ಬಂದವರಿಗೆ ಆಟ ಅಗಲವಾಗಿ ಕಾಣುತ್ತದೆ, ಎದುರಾಳಿಗೆ ಅವರನ್ನು ಯಾರು ಹಿಡಿಯಬೇಕೆಂದು ಬೇಗ ತೋಚುವುದಿಲ್ಲ. 2015ರಿಂದ 2019ರವರೆಗಿನ ನಾಲ್ಕೂ ಪ್ರೀಮಿಯರ್ ಲೀಗ್ ಋತುಗಳಲ್ಲಿ ಅವರು ಸಹ ಆಟಗಾರರ ಹತ್ತು ಅಥವಾ ಹೆಚ್ಚು ಗೋಲುಗಳಿಗೆ ಕೊನೆಯ ಪಾಸ್ ಕೊಟ್ಟರು. 2016–17ರಲ್ಲಿ ಅಂಥವು 15. ಆ ಕ್ಲಬ್ಬಿಗೆ 305 ಪಂದ್ಯಗಳಲ್ಲಿ 69 ಗೋಲು. ಟ್ರೋಫಿ ಒಂದೂ ಇಲ್ಲ. 2019ರ ಜೂನ್ 1ರಂದು ಮ್ಯಾಡ್ರಿಡ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ಅನ್ನು ಲಿವರ್‌ಪೂಲ್ 2–0ಯಿಂದ ಗೆದ್ದಿತು.

ಅಂಗಿಯ ಸಂಖ್ಯೆಗಳನ್ನು ಇಲ್ಲಿ ಗಮನಿಸುವುದು ಒಳ್ಳೆಯದು. ಟಾಟನ್‌ಹ್ಯಾಮ್‌ನಲ್ಲಿ 23, ಇಂಟರ್‌ನಲ್ಲಿ 24, ಬ್ರೆಂಟ್‌ಫರ್ಡ್‌ನಲ್ಲಿ 21, ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 14. ಹತ್ತು ಸಿಕ್ಕಿದ್ದು ಡೆನ್ಮಾರ್ಕಿನ ಕೆಂಪು ಅಂಗಿಯ ಮೇಲೆ. ತರಬೇತುದಾರ ಓಗ ಹಾರೈಡ ಅವರ ತಂಡದಲ್ಲಿ ಆಟವೆಲ್ಲ ಎರಿಕ್ಸನ್ ಮೂಲಕವೇ ಸಾಗುತ್ತಿತ್ತು. 2018ರ ವಿಶ್ವಕಪ್ಪಿನ ಅರ್ಹತಾ ಹಂತದಲ್ಲಿ ಅವರ ಗೋಲುಗಳು 11. ಅವುಗಳಲ್ಲಿ ಮೂರು 2017ರ ನವೆಂಬರ್ 14ರಂದು ಡಬ್ಲಿನ್‌ನಲ್ಲಿ ಐರ್ಲೆಂಡನ್ನು 5–1ರಿಂದ ಮಣಿಸಿದ ಪಂದ್ಯದಲ್ಲಿ ಬಂದವು. ರಷ್ಯಾದಲ್ಲಿ ಕ್ರೊಯೇಷಿಯದ ವಿರುದ್ಧ ಪೆನಾಲ್ಟಿ ಸರದಿಯ ಮೊದಲ ಹೊಡೆತ ಅವರದೇ ಆಗಿತ್ತು. ಗೋಲ್‌ಕೀಪರ್ ಸುಬಾಶಿಚ್ ತಡೆದರು. ಡೆನ್ಮಾರ್ಕ್ ಹೊರಬಿತ್ತು.

2020ರ ಜನವರಿಯಲ್ಲಿ ಇಂಟರ್ ಮಿಲಾನ್ ಸೇರಿದಾಗ ಎದುರಾದ ಕಷ್ಟ ವಿನ್ಯಾಸದ್ದು. ಅಂಟೋನಿಯೊ ಕಾಂಟೆ ಅವರ 3–5–2 ರಚನೆಯಲ್ಲಿ ಹತ್ತನೇ ಸಂಖ್ಯೆಯ ಆಟಗಾರನಿಗೆ ಮನೆಯೇ ಇಲ್ಲ. ಮೂವರು ರಕ್ಷಕರು, ಅಂಚಿನಲ್ಲಿ ಉದ್ದಕ್ಕೂ ಓಡುವ ಇಬ್ಬರು, ನಡುವೆ ದುಡಿಯುವ ಮೂವರು, ಮುಂದೆ ಇಬ್ಬರು. ತಿಂಗಳುಗಟ್ಟಲೆ ಎರಿಕ್ಸನ್ ಬೆಂಚಿನಲ್ಲಿ ಕುಳಿತರು. ಪಂದ್ಯದ ಕೊನೆಯ ಕೆಲವೇ ನಿಮಿಷಗಳಿಗೆ ಇಳಿದದ್ದೂ ಉಂಟು. ಮರುಜನವರಿಯ ಹೊತ್ತಿಗೆ ಅವರು ಕ್ಲಬ್ ಬಿಡುವುದು ಖಚಿತವೆಂಬಂತಿತ್ತು. ಆಗ ಕಾಂಟೆ ಒಂದು ಪ್ರಯೋಗ ಮಾಡಿದರು. ಓಣಿಯಲ್ಲಿ ಆಡಬೇಕಾದವರನ್ನು ರಕ್ಷಣೆಯ ಎದುರಿಗೇ ತಂದು, ಮಿಡ್‌ಫೀಲ್ಡರ್ ಬ್ರೊಜೊವಿಚ್ ಪಕ್ಕದಲ್ಲಿ, ಕೆಲವೊಮ್ಮೆ ಅವರ ಜಾಗದಲ್ಲೇ ನಿಲ್ಲಿಸಿದರು. ಜನವರಿ 26ರಂದು ಇಟಾಲಿಯನ್ ಕಪ್ಪಿನ ಕ್ವಾರ್ಟರ್ ಫೈನಲ್‌ನಲ್ಲಿ, ಎದುರಿಗೆ ಊರಿನ ಎದುರಾಳಿ ಎಸಿ ಮಿಲಾನ್, ಅಂಕ 1–1. ಬದಲಿಯಾಗಿ ಇಳಿದಿದ್ದ ಎರಿಕ್ಸನ್ 97ನೇ ನಿಮಿಷದಲ್ಲಿ ಫ್ರೀ ಕಿಕ್ ಹೊಡೆದು ಗೆಲ್ಲಿಸಿದರು. ಫ್ರೀ ಕಿಕ್ ಕಣ್ಣಿಗೆ ಕಟ್ಟುತ್ತದೆ. ಅದರ ನಂತರದ ವಾರಗಳಲ್ಲಿ ಅವರು ಮಧ್ಯದ ಮೂವರಲ್ಲಿ ಎಡಗಡೆಗೆ ನೆಲೆಯಾದದ್ದೇ ಹೆಚ್ಚಿನ ಸಂಗತಿ. ಹಿಂದಿನಿಂದ ಚೆಂಡು ಪಡೆದು ಮುಂದಿರುವ ಲುಕಾಕುವಿಗೆ ನೇರವಾಗಿ, ಅಂಚಿನ ಹಕಿಮಿಗೆ ಅಡ್ಡಲಾಗಿ ಕೊಡುವುದು ಅವರ ಕೆಲಸವಾಯಿತು. ಮೇ 1ರಂದು ಕ್ರೊಟೊನೆಯಲ್ಲಿ ಬೆಂಚಿನಿಂದ ಎದ್ದು ಬಂದು ಮೊದಲ ಗೋಲು ಹೊಡೆದರು. ಮರುದಿನ ಇಂಟರ್‌ಗೆ 2010ರ ನಂತರದ ಮೊದಲ ಲೀಗ್ ಪ್ರಶಸ್ತಿ ಖಾತ್ರಿಯಾಯಿತು, ಯುವೆಂಟಸ್‌ನ ಒಂಬತ್ತು ವರ್ಷಗಳ ಸರಣಿ ಮುರಿಯಿತು. ಮುಂದೆ ಇಂಗ್ಲೆಂಡಿನಲ್ಲಿ ಕಂಡ ಎರಿಕ್ಸನ್ ಈ ನಾಲ್ಕು ತಿಂಗಳಲ್ಲಿ ರೂಪುಗೊಂಡವರು.

ಜೂನ್ 12ರ ಘಟನೆಯನ್ನು ಇಲ್ಲಿ ಹಿಗ್ಗಿಸುವ ಇಚ್ಛೆ ನನಗಿಲ್ಲ. ಫಿನ್ಲೆಂಡ್ ವಿರುದ್ಧದ ಪಂದ್ಯದ ಮೊದಲರ್ಧ ಮುಗಿಯುತ್ತ ಬಂದಾಗ ಥ್ರೋ ಪಡೆಯಲು ಹೋದವರು ಬಿದ್ದರು. ನಾಯಕ ಸಿಮೊನ್ ಕೇರ್ ಓಡಿ ಬಂದರು, ರೆಫರಿ ಆಂಥನಿ ಟೇಲರ್ ತಡಮಾಡದೆ ವೈದ್ಯರನ್ನು ಕರೆದರು, ಎದೆಯೊತ್ತುವಿಕೆ ಮತ್ತು ಡಿಫಿಬ್ರಿಲೇಟರ್‌ನಿಂದ ಜೀವ ಮರಳಿತು. ಸಂಗಡಿಗರು ಅವರಿಗೆ ಬೆನ್ನು ಮಾಡಿ, ಮುಖ ಹೊರಗೆ ತಿರುಗಿಸಿ, ಸುತ್ತುಗಟ್ಟಿ ನಿಂತಿದ್ದರು. ಆ ಗೋಡೆಯನ್ನು ನೆನೆದರೆ ಇಂದಿಗೂ ಗಂಟಲು ಕಟ್ಟುತ್ತದೆ. ದಿನಬಳಕೆಯ ಕನ್ನಡದಲ್ಲಿ ಇಂಥದ್ದನ್ನೆಲ್ಲ ‘ಹಾರ್ಟ್ ಅಟ್ಯಾಕ್’ ಎಂದುಬಿಡುತ್ತೇವೆ. ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಂಡು ಸ್ನಾಯುವಿಗೆ ರಕ್ತ ತಪ್ಪುತ್ತದೆ. ಇಲ್ಲಿ ಆದದ್ದು ಹೃದಯ ಸ್ತಂಭನ, ವಿದ್ಯುತ್ ಲಯ ಕೆಟ್ಟು ಮಿಡಿತವೇ ನಿಲ್ಲುವುದು. ಅದಕ್ಕಾಗಿಯೇ ಅವರ ಎದೆಯಲ್ಲಿ ಐಸಿಡಿ ಎಂಬ ಪುಟ್ಟ ಉಪಕರಣ ಅಳವಡಿಸಿದರು. ಲಯ ತಪ್ಪಿದರೆ ಅದು ತಾನಾಗಿ ಆಘಾತ ಕೊಟ್ಟು ಸರಿಪಡಿಸುತ್ತದೆ. ಇದರ ಮೇಲೂ ಆಡಿದವರಿದ್ದರು: ಎರಿಕ್ಸನ್ ಜೊತೆ ಅಯಾಕ್ಸ್‌ನಲ್ಲಿ ಆಡಿದ್ದ ಡೇಲಿ ಬ್ಲಿಂಡ್ ಅದೇ ಟೂರ್ನಿಯಲ್ಲಿ ಐಸಿಡಿಯೊಂದಿಗೆ ನೆದರ್‌ಲೆಂಡ್ಸ್ ಪರ ಕಣಕ್ಕಿಳಿದಿದ್ದರು.

ಸ್ಥಾನ ಎಂಬ ಪದದ ಎರಡನೆಯ ಅರ್ಥ, ಯಾವ ದೇಶದಲ್ಲಿ ಆಡಲು ಜಾಗ ಸಿಗುತ್ತದೆ ಎಂಬುದು, ಇಲ್ಲಿ ಎದುರಾಗುತ್ತದೆ. ಇಟಲಿಯಲ್ಲಿ ಸ್ಪರ್ಧಾತ್ಮಕ ಕ್ರೀಡೆಗೆ ಇಳಿಯುವವರಿಗೆ 1982ರಿಂದ ವೈದ್ಯಕೀಯ ಅರ್ಹತಾ ಪತ್ರ ಕಡ್ಡಾಯ. ಈ ಬಿಗಿ ಸುಮ್ಮನೆ ಬಂದದ್ದಲ್ಲ, ಫಲ ಕೊಟ್ಟಿದೆ ಕೂಡ. ವೆನೆಟೊ ಪ್ರಾಂತದಲ್ಲಿ 1979ರಿಂದ 2004ರವರೆಗೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಪಾಸಣೆಗೆ ಒಳಪಟ್ಟ ಯುವ ಕ್ರೀಡಾಪಟುಗಳ ಹಠಾತ್ ಹೃದಯ ಸಂಬಂಧಿ ಸಾವುಗಳು ವರ್ಷಕ್ಕೆ ಲಕ್ಷಕ್ಕೆ 3.6ರಿಂದ 0.4ಕ್ಕೆ ಇಳಿದಿದ್ದವು. ಆ ವ್ಯವಸ್ಥೆಯಲ್ಲಿ ಐಸಿಡಿ ಇರುವ ಫುಟ್‌ಬಾಲ್ ಆಟಗಾರನಿಗೆ ಅನುಮತಿ ಸಿಗಲಿಲ್ಲ. 2021ರ ಡಿಸೆಂಬರ್ 17ರಂದು ಇಂಟರ್ ಮತ್ತು ಎರಿಕ್ಸನ್ ಪರಸ್ಪರ ಒಪ್ಪಿ ಕರಾರು ಮುಗಿಸಿದರು. ಇಂಗ್ಲೆಂಡಿನಲ್ಲಿ ಅಂಥ ಒಟ್ಟಾರೆ ನಿಷೇಧವಿಲ್ಲ. ತಜ್ಞರ ಸಲಹೆ ಪಡೆದು ಆಟಗಾರ ಮತ್ತು ಕ್ಲಬ್ ನಿರ್ಧರಿಸಬಹುದು. ಈ ನಿಲುವಿಗೂ ಆಧಾರವುಂಟು: ಐಸಿಡಿ ಇದ್ದೂ ಕ್ರೀಡೆಯಲ್ಲಿ ಮುಂದುವರಿದ 372 ಜನರನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಆಟದ ವೇಳೆ ಒಂದು ಸಾವೂ ದಾಖಲಾಗಿರಲಿಲ್ಲ. ಎರಡೂ ನಿಲುವುಗಳ ಹಿಂದೆ ಜೀವದ ಕಾಳಜಿಯೇ ಇದೆ. ಆದರೂ ಅಪಾಯವನ್ನು ತಿಳಿದು ಆಯ್ದುಕೊಳ್ಳುವ ಹಕ್ಕು ಆಡುವವನದು ಎಂಬ ಕಡೆಗೇ ನನ್ನ ಮನಸ್ಸು ವಾಲುತ್ತದೆ.

2022ರ ಜನವರಿ 31ರಂದು ಬ್ರೆಂಟ್‌ಫರ್ಡ್ ಅವರನ್ನು ಸೇರಿಸಿಕೊಂಡಿತು. ಆಗಿನ ತರಬೇತುದಾರ ಥಾಮಸ್ ಫ್ರಾಂಕ್ ಡೆನ್ಮಾರ್ಕಿನವರು. ಎರಿಕ್ಸನ್ ಹದಿಹರೆಯದವರಾಗಿದ್ದಾಗ 17ರ ಒಳಗಿನವರ ದೇಶದ ತಂಡದಲ್ಲಿ ಅವರಿಗೆ ಕಲಿಸಿದವರು. ಫೆಬ್ರವರಿ 26ರಂದು ನ್ಯೂಕ್ಯಾಸಲ್ ವಿರುದ್ಧ, 259 ದಿನಗಳ ನಂತರ, ಎರಿಕ್ಸನ್ ಮತ್ತೆ ಕಣಕ್ಕಿಳಿದರು. ಅವರಿಗೆ ಜಾಗ ಬಿಟ್ಟು ಹೊರಬಂದವರು ಮಥಿಯಾಸ್ ಯೆನ್ಸನ್. ಪಾರ್ಕೆನ್‌ನಲ್ಲಿ ಪಂದ್ಯ ಮತ್ತೆ ಶುರುವಾದಾಗ ಎರಿಕ್ಸನ್ ಜಾಗಕ್ಕೆ ಬಂದಿದ್ದವರೂ ಇದೇ ಯೆನ್ಸನ್! ಬ್ರೆಂಟ್‌ಫರ್ಡ್‌ಗೆ ಎರಿಕ್ಸನ್ ಆಡಿದ್ದು 11 ಪಂದ್ಯ ಮಾತ್ರ. ಹಿಂದಿನಿಂದ ಆಟ ಕಟ್ಟುವುದು, ಕಾರ್ನರ್ ಮತ್ತು ಫ್ರೀ ಕಿಕ್‌ಗಳನ್ನು ಹೊಡೆಯುವುದು: ಮಿಲಾನ್‌ನಲ್ಲಿ ಕಲಿತ ಕೆಲಸವನ್ನೇ ಇಲ್ಲಿ ಮುಂದುವರಿಸಿದರು. ಮಾರ್ಚ್ 26ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ, ತಾನು ಬೆಳೆದ ಅಂಗಳದಲ್ಲೇ, ದೇಶದ ಪರ ಬದಲಿಯಾಗಿ ಇಳಿದು ಎರಡು ನಿಮಿಷದೊಳಗೆ ಗೋಲು ಹೊಡೆದರು. ಮೂರು ದಿನ ಕಳೆದು ಪಾರ್ಕೆನ್‌ನಲ್ಲಿ ಸೆರ್ಬಿಯಾ ವಿರುದ್ಧ ನಾಯಕರಾಗಿ ಆಡಿ ಇನ್ನೊಂದು.

ಆ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ ಮೇಲೆ ಈ ಸ್ಥಾನದ ಮಿತಿಯೂ ಬಯಲಾಯಿತು, ಮತ್ತು ಅದನ್ನು ಮುಚ್ಚಿಡಬಾರದು. ಆಗಸ್ಟ್ 13ರಂದು ಬ್ರೆಂಟ್‌ಫರ್ಡ್ ಎದುರು ರಕ್ಷಣೆಯ ಮುಂದೆ ಒಂಟಿಯಾಗಿ ನಿಂತಿದ್ದ ಎರಿಕ್ಸನ್ ಕಾಲಿನಿಂದ ಚೆಂಡು ಕಸಿದು ಗೋಲು ಹೊಡೆದವರು ಮತ್ತೆ ಯೆನ್ಸನ್. ಯುನೈಟೆಡ್ 0–4ರಿಂದ ಸೋತಿತು. ಗೋಲಿಗೆ ಬೆನ್ನು ಮಾಡದೆ ಆಟವನ್ನು ಎದುರಿಗಿಟ್ಟು ನೋಡುವುದು ಅವರ ಶಕ್ತಿ. ಬೆನ್ನ ಹಿಂದಿನಿಂದ ಒತ್ತಡ ಬಂದಾಗ ತಪ್ಪಿಸಿಕೊಳ್ಳುವ ವೇಗ ಇಲ್ಲ. ಕ್ಯಾಸೆಮಿರೊ ಬಂದು ಪಕ್ಕದಲ್ಲಿ ನಿಂತ ಮೇಲೆ ತಂಡ ಸುಧಾರಿಸಿತು, ಋತುವಿನ ಕೊನೆಗೆ ಮೂರನೆಯ ಸ್ಥಾನ ಪಡೆಯಿತು. ಬ್ರೊಜೊವಿಚ್ ಇಂಟರ್‌ನಲ್ಲಿ ಮಾಡಿದ್ದನ್ನೇ ಕ್ಯಾಸೆಮಿರೊ ಇಲ್ಲಿ ಮಾಡಿದರು: ನೆಲ ಕಾಯ್ದರು. 2023ರ ಜನವರಿಯ ಪಾದದ ಕೀಲಿನ ಗಾಯದ ನಂತರ ಎರಿಕ್ಸನ್‌ಗೆ ಅವಕಾಶಗಳು ಕಡಿಮೆಯಾಗುತ್ತ ಬಂದವು. 2025ರಲ್ಲಿ ಕರಾರು ಮುಗಿದು ಜರ್ಮನಿಯ ವುಲ್ಫ್ಸ್‌ಬರ್ಗ್‌ಗೆ ಹೋದರು. ಅಷ್ಟು ಹೊತ್ತಿಗೆ ದೇಶದ ಪರ 140ಕ್ಕೂ ಹೆಚ್ಚು ಪಂದ್ಯ ಆಡಿ, ಕೇರ್ ಅವರನ್ನು ಹಿಂದಿಕ್ಕಿ, ಡೆನ್ಮಾರ್ಕಿನಲ್ಲಿ ಅತಿ ಹೆಚ್ಚು ಬಾರಿ ಆಡಿದವರಾಗಿದ್ದರು.

ನನ್ನ ವಾದಕ್ಕೆ ಒಂದು ಅಪವಾದವಿದೆ. 2024ರ ಜೂನ್ 16, ಸ್ಟುಟ್‌ಗಾರ್ಟ್, ಯುರೋಪಿಯನ್ ಚಾಂಪಿಯನ್‌ಶಿಪ್, ಸ್ಲೊವೇನಿಯಾ ಎದುರಾಳಿ. 17ನೇ ನಿಮಿಷದಲ್ಲಿ ಬಲ ಅಂಚಿನಿಂದ ಬಂದ ಥ್ರೋವನ್ನು ಸಹ ಆಟಗಾರ ಯೋನಸ್ ವಿಂಡ್ ಹಿಮ್ಮಡಿಯಿಂದ ಒಳಕ್ಕೆ ತಿರುಗಿಸಿದರು. ಹಿಂದಿನ ಸ್ಥಾನಕ್ಕೆ ಒಗ್ಗಿಹೋಗಿದ್ದ ಆಟಗಾರ ಆ ಹೊತ್ತಿಗೆ ಆವರಣದೊಳಗಿದ್ದರು, ಹತ್ತನೇ ಸಂಖ್ಯೆಯ ಅಂಗಿಯಲ್ಲಿ, ಯಾರೂ ಹಿಡಿಯದೆ. ಎದೆಯಿಂದ ಚೆಂಡು ಇಳಿಸಿಕೊಂಡು ದೂರದ ಮೂಲೆಗೆ ಹೊಡೆದರು. ಪಾರ್ಕೆನ್‌ನ ಸಂಜೆಯಿಂದ ಲೆಕ್ಕ ಹಾಕಿದರೆ ಅಂದಿಗೆ 1,100 ದಿನ. ಪಂದ್ಯ 1–1ರಲ್ಲಿ ಮುಗಿಯಿತು.