ಯಂತ್ರದ ಕುಣಿತಕ್ಕೆ ರಾಗದ ಶಾಸ್ತ್ರ

ಕೌಜಲಗಿ ಎಂದೊಡನೆ ಬೆಳಗಾವಿ ಸೀಮೆಯ ಹಳೆಯ ರಸಿಕರಿಗೆ ನೆನಪಾಗುವುದು ಶ್ರೀಕೃಷ್ಣ ಪಾರಿಜಾತದ ಆಟ. ಅಪರಾಳ ತಮ್ಮಣ್ಣನ ಕೃತಿಯನ್ನು ರಂಗಕ್ಕೆ ಹೊಂದಿಸಿ ಊರೂರಿಗೆ ಹಬ್ಬಿಸಿದ ತಮ್ಮಣ್ಣನ ಕುಲಗೋಡವು ಇಲ್ಲಿಗೆ ನೆರೆಯ ಊರು. ಅದೇ ಆಟದಲ್ಲಿ ಹೆಸರಾದ ನಿಂಗಮ್ಮನಂತೂ ಕೌಜಲಗಿ ನಿಂಗಮ್ಮನೆಂದೇ ಪ್ರಸಿದ್ಧಳು. ಗೊಲ್ಲತಿಯ ಪ್ರಸಂಗವಾಗಲಿ ಕೊರವಂಜಿಯ ಪ್ರಸಂಗವಾಗಲಿ, ಪೇಟಿ, ತಬಲಾ, ತಾಳಗಳ ಹಿಮ್ಮೇಳವಿಲ್ಲದೆ ಪಾರಿಜಾತವು ಪಾರಿಜಾತವೆನಿಸದು.

ಈಚೆಗೆ ನಾನು ಆ ಊರಿಗೆ ಹೋಗಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬನು ಒತ್ತಾಯದಿಂದ ತನ್ನ ಮನೆಗೆ ಕರೆದೊಯ್ದನು. ಕಂಪ್ಯೂಟರಿನಲ್ಲಿ ಕುಣಿತದ ಸಂಗೀತವನ್ನು ಕಟ್ಟುವುದು ಅವನ ಹವ್ಯಾಸ. ಜಾತ್ರೆ, ಗಣೇಶನ ಮೆರವಣಿಗೆಗಳಲ್ಲಿ ಡಿಜೆ ಎಂಬ ಹೆಸರಿನಿಂದ ನಮ್ಮೆಲ್ಲರ ಎದೆಯನ್ನು ನಡುಗಿಸುವ ಆ ಸದ್ದಿನ ಜಾತಿಯದೇ ಅದು. ಪರದೆಯ ಮೇಲೆ ಅವನು ಒಂದು ಪಟ್ಟಿಯನ್ನು ತೋರಿಸಿದನು: ಡೋರಿಯನ್, ಫ್ರಿಜಿಯನ್, ಲಿಡಿಯನ್, ಹೀಗೆ. “ಸರ, ಹೆಸರು ಬದಲಿ ಮಾಡಿದ್ರ ಹಾಡಿನ ಬಣ್ಣಾನ ಬದಲಾಗತೈತ್ರಿ. ಯಾಕ ಅನ್ನೂದು ಮಾತ್ರ ತಿಳಿವಲ್ದು,” ಎಂದನು.

ಪಡಸಾಲೆಯಲ್ಲಿ ಅವನ ಅಜ್ಜನವರು ಕುಳಿತಿದ್ದರು. ಪಾರಿಜಾತದ ಮೇಳದಲ್ಲಿ ಪೇಟಿ ನುಡಿಸಿ ಮುಪ್ಪಾದವರು. ಮೊಮ್ಮಗನ ಸಂಗೀತ ಅವರಿಗೆ ಸೇರದು. ನಾನು ಫ್ರಿಜಿಯನ್ ಎಂಬುದನ್ನು ಆರಿಸಿ ಸ್ವರಗಳನ್ನು ಒಂದೊಂದಾಗಿ ನುಡಿಸಲು ಹೇಳಿದೆ. ಏಳೂ ಸ್ವರ ಮುಗಿಯುವ ಮೊದಲೇ ಪಡಸಾಲೆಯಿಂದ ದನಿ ಬಂತು: “ತಮ್ಮಾ, ಅದು ಭೈರವಿ ಅಲ್ಲೇನೋ?”

ಹುಡುಗನು ಬೆರಗಾಗಿ ನನ್ನ ಮುಖವನ್ನು ನೋಡಿದನು. ಆ ಬೆರಗಿಗೆ ಕೊಡಬೇಕಾದ ಉತ್ತರಕ್ಕೆ ಐದು ಶತಮಾನಗಳ ಇತಿಹಾಸವಿದೆ. ಅದರಲ್ಲಿ ಕನ್ನಡನಾಡಿನ ಪಾಲು ಸಣ್ಣದೇನಲ್ಲ.

ಸಂಗೀತಶಾಸ್ತ್ರವು ಋಷಿಗಳ ಬಾಯಿಂದ ಒಮ್ಮೆಲೇ ಹೊರಟು ಹಾಗೆಯೇ ನಿಂತಿತೆಂದು ನಾವು ಭಾವಿಸುವುದುಂಟು. ಸಂಗತಿ ಹಾಗಿಲ್ಲ. ಹೊಸದೊಂದು ವಾದ್ಯವು ಕೈಗೆ ಬಂದಾಗಲೆಲ್ಲ ಶಾಸ್ತ್ರವೂ ಹೊಸದಾಗಿ ಲೆಕ್ಕ ಹಾಕಿದೆ. 1550ರಲ್ಲಿ ವಿಜಯನಗರದ ರಾಮಾಮಾತ್ಯನು ‘ಸ್ವರಮೇಳಕಲಾನಿಧಿ’ಯನ್ನು ಬರೆದನು. ರಾಗಕ್ಕೊಮ್ಮೆ ಮೆಟ್ಟುಗಳನ್ನು ಕದಲಿಸದೆಯೇ ಎಲ್ಲ ರಾಗಗಳನ್ನೂ ನುಡಿಸಬಲ್ಲ ವೀಣೆಯ ವಿಚಾರ ಅದರಲ್ಲಿದೆ. ಮೆಟ್ಟು ಒಮ್ಮೆ ಸ್ಥಿರವಾದ ಮೇಲೆ, ಯಾವ ಯಾವ ರಾಗಗಳು ಒಂದೇ ಸ್ವರಗಳನ್ನು ಹಂಚಿಕೊಳ್ಳುತ್ತವೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ರಾಮಾಮಾತ್ಯನು ರಾಗಗಳನ್ನು 20 ಮೇಳಗಳಲ್ಲಿ ಹಂಚಿದನು. ಅದೇ ಶತಮಾನದಲ್ಲಿ, ಶಿವಗಂಗೆಯ ಬಳಿಯ ಸಾತನೂರಿನವನಾದ ಪುಂಡರೀಕ ವಿಠ್ಠಲನು ಖಾನದೇಶದ ಬುರ್ಹಾನ್ ಖಾನನ ಆಶ್ರಯಕ್ಕೆ ಹೋಗಿ, ‘ಸದ್ರಾಗಚಂದ್ರೋದಯ’ವೆಂಬ ಗ್ರಂಥದ ಮೂಲಕ ಈ ಮೇಳವಿಚಾರವನ್ನು ಉತ್ತರದವರ ಮುಂದಿಟ್ಟನು. ಗೋಕಾಕದ ಸೀಮೆಯಲ್ಲಿ ಇಂದು ಉತ್ತರಾದಿಯ ರಾಗಗಳು ಮನೆಮಾತಾಗಿರುವಾಗ, ದಕ್ಷಿಣದ ಲೆಕ್ಕವನ್ನು ಉತ್ತರಕ್ಕೆ ಹೊತ್ತವನೊಬ್ಬ ಕನ್ನಡಿಗನೆಂಬುದನ್ನು ನೆನೆಯುವುದು ಉಚಿತ.

17ನೆಯ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿಯು ಈ ಲೆಕ್ಕವನ್ನು ಅದರ ಕೊನೆಯವರೆಗೆ ಒಯ್ದನು. ಅವನ ‘ಚತುರ್ದಂಡೀಪ್ರಕಾಶಿಕೆ’ಯ ರೀತಿ ಬಹಳ ಸರಳ. ಷಡ್ಜ, ಪಂಚಮಗಳು ಕದಲವು. ರಿಷಭ–ಗಾಂಧಾರಗಳನ್ನು ಜೊತೆಯಾಗಿ ಆರಿಸಲು 6 ದಾರಿ; ಧೈವತ–ನಿಷಾದಗಳಿಗೂ ಅಷ್ಟೇ. ಆರಾರಲಿ 36. ಮಧ್ಯಮದಲ್ಲಿ ಶುದ್ಧ, ಪ್ರತಿ ಎಂದು ಎರಡು. ಒಟ್ಟು 72 ಮೇಳ. ಆಗ ಬಳಕೆಯಲ್ಲಿ ಇಲ್ಲದ ಮೇಳಗಳಿಗೂ ಅವನು ಲೆಕ್ಕದಲ್ಲಿ ಮನೆ ಕಟ್ಟಿಟ್ಟನು. ಮುಂದೆ ಬರುವವರಿಗಾಗಿ ಖಾಲಿ ಮನೆಗಳನ್ನು ಬಿಟ್ಟುಹೋಗುವ ಇಂಥ ಶಾಸ್ತ್ರವು ಲೋಕದಲ್ಲಿ ವಿರಳ.

ಉತ್ತರದಲ್ಲಿ ವಿಷ್ಣು ನಾರಾಯಣ ಭಾತಖಂಡೆಯವರು (1860–1936) ದಕ್ಷಿಣದ ಈ ಮೇಳಪದ್ಧತಿಯನ್ನು ಕಂಡು, ತಮ್ಮ ರಾಗಗಳನ್ನು ಹತ್ತು ಥಾಟುಗಳಲ್ಲಿ ಕೂಡಿಸಿದರು. ಇಲ್ಲಿಯೇ ನನ್ನ ವಿದ್ಯಾರ್ಥಿಯ ಪಟ್ಟಿಗೆ ಕೀಲಿಕೈ ದೊರೆಯುತ್ತದೆ. ಪೇಟಿಯ ಬಿಳಿಯ ಮನೆಗಳನ್ನಷ್ಟೇ ತೆಗೆದುಕೊಳ್ಳಿ. ಮೊದಲ ಮನೆಯನ್ನು ಷಡ್ಜವೆಂದುಕೊಂಡರೆ ಬಿಲಾವಲ. ಅವೇ ಮನೆಗಳು, ಆದರೆ ಎರಡನೆಯದನ್ನು ಷಡ್ಜವೆಂದು ಹಿಡಿದರೆ ಕಾಫಿ. ಮೂರನೆಯದರಿಂದ ಭೈರವಿ, ನಾಲ್ಕನೆಯದರಿಂದ ಕಲ್ಯಾಣ, ಐದನೆಯದರಿಂದ ಖಮಾಜ್, ಆರನೆಯದರಿಂದ ಆಸಾವರಿ. ಏಳನೆಯದರಿಂದ ಹೊರಟರೆ ಶುದ್ಧ ಪಂಚಮ ಸಿಗದು. ಆದ್ದರಿಂದ ಥಾಟುಗಳಲ್ಲಿ ಅದಕ್ಕೆ ಎಡೆಯಿಲ್ಲ. ಆಧಾರವನ್ನು ಹೀಗೆ ಸರಿಸುವುದನ್ನೇ ನಮ್ಮ ಪ್ರಾಚೀನರು ಮೂರ್ಛನೆಯೆಂದರು. ಯೂರೋಪಿನ ಮಧ್ಯಯುಗದ ಮಠಗಳ ಗಾಯಕರು ಇಂಥ ಸ್ವರಶ್ರೇಣಿಗಳಿಗೆ ಹಳೆಯ ಗ್ರೀಕರಿಂದ ಹೆಸರುಗಳನ್ನು ಎರವಲು ತಂದರು. ಅವರ ಡೋರಿಯನ್ ನಮ್ಮ ಕಾಫಿ, ಫ್ರಿಜಿಯನ್ ನಮ್ಮ ಭೈರವಿ, ಲಿಡಿಯನ್ ನಮ್ಮ ಕಲ್ಯಾಣದ ಥಾಟು. ಕಂಪ್ಯೂಟರಿನಲ್ಲಿ ಗ್ರೀಕ್ ಹೆಸರು ಹೊತ್ತು ಕುಳಿತದ್ದನ್ನು ಅಜ್ಜನವರ ಕಿವಿಯು ಗುರುತಿಸಿದ್ದರಲ್ಲಿ ಮಾಟವೇನೂ ಇಲ್ಲ.

ಅಜ್ಜನವರ ಪೇಟಿಯ ಕಥೆಯನ್ನೂ ಇಲ್ಲಿ ಹೇಳಬೇಕು. ಇಂದು ನಮ್ಮದೇ ಎನಿಸುವ ಆ ವಾದ್ಯವು 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡದ್ದು. 1875ರ ಸುಮಾರಿಗೆ ಕಲಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾಡಿದರು. ಪಂಡಿತರು ಅದನ್ನು ಸುಲಭವಾಗಿ ಒಪ್ಪಲಿಲ್ಲ; ಅವರ ಆಕ್ಷೇಪಣೆಯು ಬರಿಯ ಹಟವೂ ಆಗಿರಲಿಲ್ಲ. ಅದರ ಹನ್ನೆರಡು ಮನೆಗಳು ಸಮನಾದ ಅಂತರದಲ್ಲಿವೆ. ಒಂದು ಮನೆಯ ಅಂತರವನ್ನು 100 ಸೆಂಟ್ ಎಂದು ಎಣಿಸಿದರೆ, ಪೇಟಿಯ ಗಾಂಧಾರವು ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ಅಲ್ಲದೆ ಪೇಟಿಗೆ ಮೀಂಡ್ ಎಳೆಯಲು ಬಾರದು. 1940ರಲ್ಲಿ ಆಕಾಶವಾಣಿಯು ಅದನ್ನು ಬಹಿಷ್ಕರಿಸಿತು; ಆ ನಿಷೇಧವು ಸಡಿಲವಾದದ್ದು 1971ರಲ್ಲಿ. ಈ ಮೂವತ್ತು ವರ್ಷಗಳೂ ಬಾನುಲಿಯಲ್ಲಿ ಸಲ್ಲದ ಪೇಟಿಯು ಬಯಲಾಟದ ಅಟ್ಟದ ಮೇಲೆ ಸಲ್ಲುತ್ತಲೇ ಇತ್ತು. ನಿನ್ನೆಯ ಬಹಿಷ್ಕೃತನು ಇಂದಿನ ಹಿರಿಯನಾಗುತ್ತಾನೆಂಬುದನ್ನು ಹೊಸ ಯಂತ್ರವನ್ನು ಬಯ್ಯುವ ಮೊದಲು ನಾವು ನೆನೆಯುವುದು ಒಳ್ಳೆಯದು.

ವಿದ್ಯುತ್ತಿನ ಯಂತ್ರಗಳ ಸಂಗತಿಯೂ ನಮಗೆ ಹೊರಗಿನದಲ್ಲ. ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜನಾರಾಯಣರು 1979ರಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಇಂದು ಅದಿಲ್ಲದ ಪಾಠದ ಮನೆಗಳು ಕಡಮೆ. ಆಮೇಲೆ ಮೂರು ವರ್ಷಕ್ಕೆ, 1982ರಲ್ಲಿ, ಮುಂಬಯಿಯ ಚಿತ್ರಸಂಗೀತದ ವಾದಕರಾದ ಚರಣಜಿತ್ ಸಿಂಗರು ವಿಚಿತ್ರವಾದ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. ಡಿಸ್ಕೋ ತಾಳಕ್ಕೆ ಹತ್ತು ರಾಗಗಳು: ಲಲಿತ, ಭೂಪಾಲಿ, ತೋಡಿ, ಮಾಲಕಂಸ ಮೊದಲಾದವು. ನುಡಿಸಿದ್ದು ಜಪಾನಿನ ರೋಲೆಂಡ್ ಯಂತ್ರಗಳಿಂದ. ಅವುಗಳಲ್ಲಿ ಟಿಬಿ–303 ಎಂಬುದು ಗಿಟಾರು ನುಡಿಸುವವರಿಗೆ ಖರ್ಜದ ಜೊತೆ ಕೊಡಲೆಂದು ಮಾಡಿದ್ದು. ಮಾರಾಟವಾಗದೆ 1984ರಲ್ಲಿ ಅದರ ತಯಾರಿಕೆಯೇ ನಿಂತಿತು. ಆದರೆ ಪೇಟಿಗಿಲ್ಲದ ಗುಣವೊಂದು ಅದಕ್ಕಿತ್ತು: ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಲ್ಲುದು. ಚರಣಜಿತರ ಮುದ್ರಿಕೆಯನ್ನು ಆಗ ಕೇಳಿದವರು ಕಡಮೆ. 1987ರಲ್ಲಿ ಅಮೆರಿಕದ ಶಿಕಾಗೋ ನಗರದ ತರುಣರು ಅದೇ ಯಂತ್ರದಿಂದ ಆಸಿಡ್ ಹೌಸ್ ಎಂಬ ಕುಣಿತದ ಸಂಗೀತವನ್ನು ಹುಟ್ಟಿಸಿದರು. ಅದು ಲೋಕವನ್ನೆಲ್ಲ ಸುತ್ತಿತು. 2010ರಲ್ಲಿ ಚರಣಜಿತರ ಮುದ್ರಿಕೆಯು ಮರುಪ್ರಕಟವಾದಾಗ, ಐದು ವರ್ಷ ಮೊದಲೇ ಮುಂಬಯಿಯಲ್ಲಿ ಇಂಥ ನಾದವು ಮೊಳಗಿತ್ತೆಂದು ಕೇಳಿದವರು ದಂಗಾದರು. 2015ರಲ್ಲಿ ತೀರಿಕೊಳ್ಳುವ ಮೊದಲು ಅವರು ಯೂರೋಪಿನ ವೇದಿಕೆಗಳಲ್ಲಿಯೂ ನುಡಿಸಿದರು.

ಅವರೇನೂ ಶಿಕಾಗೋದವರನ್ನು ಅನುಕರಿಸಿದವರಲ್ಲ; ಶಿಕಾಗೋದವರೂ ಅವರನ್ನು ಕೇಳಿದವರಲ್ಲ. ಹಾಗಾದರೆ ಈ ಹೋಲಿಕೆ ಹೇಗೆ ಬಂತು? ಯಂತ್ರ ಒಂದೇ ಎಂಬುದು ಅರ್ಧ ಉತ್ತರ. ಇನ್ನರ್ಧವು ಸಂಗೀತದ ಸ್ವಭಾವದಲ್ಲಿದೆ. ಯೂರೋಪಿನ ಹಾಡು ಸಾಮಾನ್ಯವಾಗಿ ಸ್ವರಮೇಳನವನ್ನು ಗಳಿಗೆಗೊಮ್ಮೆ ಬದಲಿಸುತ್ತ ಸಾಗುತ್ತದೆ. ಯಂತ್ರದ ಕುಣಿತದ ಸಂಗೀತವು ಹಲವು ಸಲ ಒಂದೇ ಆಧಾರದ ಮೇಲೆ ನಿಮಿಷಗಟ್ಟಲೆ ನಿಲ್ಲುತ್ತದೆ. ಅಲ್ಲಿ ಬದಲಾಗುವುದು ನಾದದ ಬಣ್ಣ. ಆಧಾರ ಕದಲದಿದ್ದಾಗ ಪ್ರತಿಯೊಂದು ಸ್ವರವೂ ಅದರೊಡನೆ ಹೊಂದಿಯೋ ತಿಕ್ಕಾಡಿಯೋ ತನ್ನ ಭಾವವನ್ನು ತೋರಿಸುತ್ತದೆ. ಷಡ್ಜಕ್ಕೆ ಅಂಟಿಕೊಂಡ ಕೋಮಲ ರಿಷಭವು ಅದಕ್ಕಾಗಿಯೇ ಎದೆಯನ್ನು ಕಲಕುವುದು. 1990ರ ದಶಕದಲ್ಲಿ ಬೆಳಗಾವಿಯ ಘಟ್ಟದ ಕೆಳಗಿನ ಗೋವೆಯ ಕಡಲತೀರದಲ್ಲಿ ಬೆಳೆದ ಟ್ರಾನ್ಸ್ ಸಂಗೀತವು ಫ್ರಿಜಿಯನ್ನಿಗೆ ಮರುಳಾದದ್ದು ಇದರಿಂದಲೇ ಇರಬೇಕು. ತಂಬೂರಿಯ ಮುಂದೆ ಕುಳಿತ ನಮ್ಮವರಿಗೆ ಈ ಮರ್ಮವು ಶತಮಾನಗಳಿಂದ ಗೊತ್ತು. ಆದುದರಿಂದ ಯಂತ್ರದ ಸಂಗೀತ ಕಲಿಯುವ ತರುಣನಿಗೆ ರಾಗಶಾಸ್ತ್ರವು ಹೊರೆಯಲ್ಲ, ಊರುಗೋಲು.

ಇಷ್ಟನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಅಜ್ಜನವರು ಎದ್ದು ಒಳಗೆ ಬಂದಿದ್ದರು. “ಮಾಸ್ತರ್ರ, ಸ್ವರ ಅದಾವ, ಖರೆ. ಚಲನ ಎಲ್ಲೈತಿ?” ಎಂದು ಕೇಳಿದರು. ನನ್ನ ಪಾಂಡಿತ್ಯಕ್ಕೆ ತಕ್ಕ ಪೆಟ್ಟು ಅದು. ಥಾಟು ಬೇರೆ, ರಾಗ ಬೇರೆ. ಭೂಪಾಲಿಗೂ ದೇಶಕಾರಕ್ಕೂ ಅವೇ ಐದು ಸ್ವರಗಳು. ಆದರೆ ಭೂಪಾಲಿಯು ಗಾಂಧಾರದಲ್ಲಿ ನಿಂತರೆ ದೇಶಕಾರವು ಧೈವತದಲ್ಲಿ ನಿಲ್ಲುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ತಡೆಯಬೇಕು, ಯಾವುದನ್ನು ಬರಿದೆ ಮುಟ್ಟಿ ಬರಬೇಕು ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಅದು ಇರುವುದು ಮೇಳದಲ್ಲಿ ಬಾಳಿದವರ ಕೈಯಲ್ಲಿ. ಆ ಕೈಗಳು ಪ್ರತಿ ವರ್ಷವೂ ಕಡಮೆಯಾಗುತ್ತಿವೆ.

ನಮ್ಮ ಆತಂಕಕ್ಕೆ ಕಾರಣವಾಗಬೇಕಾದದ್ದು ಇದು. ಮೆರವಣಿಗೆಯ ಸದ್ದಿಗೆ ಮಿತಿ ಬೇಕು, ನಿಜ; ಅದು ಕಾನೂನಿನ ಮಾತು. ಪೇಟಿಗೆ ಮಡಿವಂತಿಕೆ ತೋರಿದಂತೆ ಕಂಪ್ಯೂಟರಿಗೂ ತೋರಿದರೆ ಯಂತ್ರಕ್ಕೇನೂ ನಷ್ಟವಾಗದು. ಹುಡುಗರು ಗ್ರೀಕ್ ಹೆಸರುಗಳನ್ನಷ್ಟೇ ಕಲಿತು, ಪಡಸಾಲೆಯಲ್ಲಿ ಕುಳಿತ ಭೈರವಿಯನ್ನು ಕಾಣದೆ ಹೋಗುತ್ತಾರೆ. ಮೊಮ್ಮಗನು ಪ್ರಶ್ನೆ ಕೇಳುವಷ್ಟು ಹತ್ತಿರ ಅಜ್ಜನಿರಬೇಕು; ಅಜ್ಜನೂ ಆ ಪರದೆಯ ಮುಂದೆ ಒಂದು ಗಳಿಗೆ ಕುಳಿತುಕೊಳ್ಳಬೇಕು.

ನಾನು ಹೊರಟು ನಿಂತಾಗ ಅಜ್ಜನವರು ಮಂಚದ ಕೆಳಗಿನ ಪೇಟಿಯನ್ನು ಎಳೆಸುತ್ತಿದ್ದರು. ತಿದಿಯ ಒಂದು ಮಡಿಕೆ ಹರಿದಿತ್ತು. ಹುಡುಗನು ಅದಕ್ಕೆ ಹಚ್ಚಲು ಅಂಟು ಹುಡುಕುತ್ತಿದ್ದನು.