ರೋಗಶಯ್ಯೆಯ ಬಳಿ ಒಂದು ಹಾಡು

ಕೆಲವು ವರ್ಷಗಳ ಹಿಂದಿನ ಕ್ರಿಸ್ಮಸ್ ಕಾಲ. ಕ್ಯಾನ್ಸರಿಗಾಗಿ ಕೀಮೋಥೆರಪಿ ಪಡೆಯುತ್ತಿದ್ದ ಹಿರಿಯ ತಾಯಿಯೊಬ್ಬರ ಮನೆಗೆ ನಮ್ಮ ಧರ್ಮಕೇಂದ್ರದ ಗಾನವೃಂದವನ್ನು ಕರೆದುಕೊಂಡು ಹೋಗಿದ್ದೆ. ಆಕೆ ಅದೇ ಗಾನವೃಂದದಲ್ಲಿ ಮೂವತ್ತು ವರ್ಷ ಹಾಡಿದವರು. ಅವರನ್ನು ಸಂತೋಷಪಡಿಸಬೇಕೆಂಬ ಹುಮ್ಮಸ್ಸಿನಿಂದ ನಮ್ಮ ಯುವಕರು ಆ ಚಿಕ್ಕ ಕೋಣೆಯಲ್ಲಿ ಕೀಬೋರ್ಡ್, ಗಿಟಾರ್, ತಬಲಗಳೊಡನೆ ಒಂದರ ಹಿಂದೊಂದು ನಾಲ್ಕು ಹಾಡುಗಳನ್ನು ಹಾಡಿದರು. ಮೂರನೆಯ ಹಾಡಿನ ವೇಳೆಗೆ ಆಕೆ ಕಣ್ಣುಗಳ ಮೇಲೆ ಅಂಗೈ ಇಟ್ಟುಕೊಂಡಿದ್ದರು. ಅದು ಭಕ್ತಿಪರವಶತೆ ಎಂದೇ ನಾನು ಭಾವಿಸಿದೆ. ಎಲ್ಲರೂ ಹೊರಟ ಮೇಲೆ ಆಕೆ ಮೆಲ್ಲನೆ ಹೇಳಿದರು: "ತಪ್ಪು ತಿಳಿಯಬೇಡಿ ಸ್ವಾಮಿ, ಕೇಳುವುದಕ್ಕೂ ಶಕ್ತಿ ಬೇಕಾಗುತ್ತದೆ. ಇನ್ನೊಮ್ಮೆ ಬಂದಾಗ ಒಂದೇ ಹಾಡು ಸಾಕು, ಬರೀ ಬಾಯಲ್ಲಿ."

ಆ ಮಾತು ನನ್ನನ್ನು ಕಾಡಿತು. ರೋಗಿಗೆ ಸಂಗೀತದಿಂದ ನೆಮ್ಮದಿ ದೊರಕುತ್ತದೆಂದು ಹೇಳುವ ನಾವು, ಅದು ಹೇಗೆ ಮತ್ತು ಯಾವಾಗ ದೊರಕುತ್ತದೆಂದು ವಿಚಾರಿಸಿದ್ದೇವೆಯೇ? ಈ ಪ್ರಶ್ನೆಗೆ ಒಂದು ದೀರ್ಘ ಚರಿತ್ರೆಯೇ ಇದೆ.

ಆ ಚರಿತ್ರೆ ನಮಗೆ ಪರಿಚಿತವಾದ ಪುಟದಿಂದಲೇ ಆರಂಭವಾಗುತ್ತದೆ. ಸಮುವೇಲನ ಮೊದಲನೆಯ ಗ್ರಂಥದ 16ನೆಯ ಅಧ್ಯಾಯದಲ್ಲಿ, ದಾವೀದನು ಕಿನ್ನರಿ ನುಡಿಸಿದಾಗ ಸೌಲನ ಮನೋವ್ಯಥೆ ಶಮನವಾಗುತ್ತಿತ್ತು. ಇದನ್ನು ನಾವೆಲ್ಲರೂ ಬಲ್ಲೆವು. ಆದರೆ 18ನೆಯ ಅಧ್ಯಾಯದಲ್ಲಿ ಅದೇ ದಾವೀದನು ನುಡಿಸುತ್ತಿರುವಾಗಲೇ ಅದೇ ಸೌಲನು ಅವನತ್ತ ಈಟಿಯನ್ನು ಎಸೆಯುತ್ತಾನೆ. ಸಂಗೀತವು ಎಂದೂ ತಪ್ಪದ ಔಷಧವೆಂದು ಪವಿತ್ರ ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಕೇಳುವವನ ಅಂದಿನ ಸ್ಥಿತಿಯೂ ಅದರಲ್ಲಿ ಪಾಲುಗೊಳ್ಳುತ್ತದೆ.

ಆಧುನಿಕ ಕಾಲದಲ್ಲಿ ಇದನ್ನು ಸೂಕ್ಷ್ಮವಾಗಿ ಗಮನಿಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬರು. ಶುಶ್ರೂಷೆಯನ್ನು ಕುರಿತು 1859ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ರೋಗಿಗಳ ಮೇಲೆ ಸಂಗೀತದ ಪರಿಣಾಮವನ್ನು ಯಾರೂ ಗಮನಿಸುತ್ತಿಲ್ಲವೆಂದು ಅವರು ವಿಷಾದಿಸಿದರು. ಮನುಷ್ಯಕಂಠ, ಊದುವ ವಾದ್ಯ, ಎಳೆದು ನುಡಿಸಬಲ್ಲ ತಂತಿವಾದ್ಯ ಮುಂತಾದ ಅವಿಚ್ಛಿನ್ನ ನಾದ ರೋಗಿಗೆ ಹಿತಕರ, ತುಂಡುತುಂಡಾಗಿ ಬಡಿಯುವ ಪಿಯಾನೋದ ಧ್ವನಿ ಅದಕ್ಕೆ ತೀರ ವಿರುದ್ಧ ಎಂಬುದು ಅವರ ಅನುಭವ. ನಮ್ಮ ಕೀಬೋರ್ಡ್ ಆ ತಾಯಿಗೆ ಏಕೆ ಭಾರವಾಯಿತೆಂಬುದು ಇದನ್ನು ಓದಿದಾಗ ನನಗೆ ಹೊಳೆಯಿತು.

1891ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಆಂಗ್ಲಿಕನ್ ಗುರು ಫ್ರೆಡರಿಕ್ ಕಿಲ್ ಹಾರ್ಫರ್ಡ್ ಎಂಬುವರು ಸಂತ ಸಿಸಿಲಿಯಾಳ ಹೆಸರಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿದರು. ಮೃದುವಾದ ಸಂಗೀತದಿಂದ ರೋಗಿಗಳಿಗೆ ನಿದ್ರೆಯನ್ನೂ ನೋವಿನಿಂದ ಉಪಶಮನವನ್ನೂ ನೀಡುವುದು ಅದರ ಗುರಿ. ಅದಕ್ಕಾಗಿಯೇ ತರಬೇತಾದ ಹಾಡುಗಾರರೂ ವಾದಕರೂ ಆಸ್ಪತ್ರೆಗಳು ಕರೆದಾಗ ಹೋಗಬೇಕು, ಲಂಡನ್ನಿನ ಒಂದೆಡೆ ಹಾಡಿದ ಸಂಗೀತ ದೂರವಾಣಿಯ ಮೂಲಕ ಆಸ್ಪತ್ರೆಗಳಿಗೆ ತಲುಪಬೇಕು ಎಂದು ಅವರು ಯೋಜಿಸಿದ್ದರು. ಹಣದ ಅಭಾವ ಮತ್ತು ಹಾರ್ಫರ್ಡರ ಅನಾರೋಗ್ಯದಿಂದ ಆ ಸಂಘ ಬಹುಕಾಲ ಬಾಳಲಿಲ್ಲ. ಆದರೆ ಅವರು ಬಿತ್ತಿದ ಬೀಜ ಒಣಗಿಹೋಗಲಿಲ್ಲ.

ಹಾರ್ಫರ್ಡರ ಸಂಘ ಹುಟ್ಟಿದಾಗ ಕ್ಯಾನ್ಸರಿಗೆ ಇಂದಿನ ಚಿಕಿತ್ಸೆಗಳು ಇರಲಿಲ್ಲ. ಕ್ಷ-ಕಿರಣ ಪತ್ತೆಯಾದದ್ದು 1895ರಲ್ಲಿ. ಕೀಮೋಥೆರಪಿ ಆರಂಭವಾದದ್ದು 1940ರ ದಶಕದಲ್ಲಿ. ಇವು ಅಸಂಖ್ಯ ಜೀವಗಳನ್ನು ಉಳಿಸಿದವು. ಅವುಗಳ ಜೊತೆಗೆ ಒಂದು ವಿಚಿತ್ರ ದಣಿವೂ ಬಂದಿತು. ಹೊಲದಲ್ಲಿ ದುಡಿದು ಬಂದವನ ಆಯಾಸ ರಾತ್ರಿಯ ನಿದ್ರೆಯಿಂದ ಕಳೆಯುತ್ತದೆ. ಈ ದಣಿವಾದರೋ ನಿದ್ರಿಸಿ ಎದ್ದರೂ ಹೋಗುವುದಿಲ್ಲ. ರಕ್ತಹೀನತೆ, ನೋವು, ನಿದ್ರಾಭಂಗ, ಚಿಂತೆ ಇವೆಲ್ಲವೂ ಅದರಲ್ಲಿ ಬೆರೆತಿರುತ್ತವೆ. ಚಿಕಿತ್ಸೆ ಮುಗಿದ ಎಷ್ಟೋ ತಿಂಗಳ ತನಕ ಅದು ಉಳಿಯುವುದೂ ಉಂಟು. ಮನೆಯವರು ಇದನ್ನು ಸೋಮಾರಿತನವೆಂದು ತಿಳಿಯಬಾರದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಗಾಯಗೊಂಡ ಸೈನಿಕರ ಮುಂದೆ ಸಂಗೀತಗಾರರು ಹಾಡಿದರು. ಒಳ್ಳೆಯ ಕಂಠವಿದ್ದರೆ ಸಾಲದು, ರೋಗಿಯನ್ನು ಅರಿಯುವ ಶಿಕ್ಷಣವೂ ಬೇಕೆಂಬುದು ಆಗ ಮನವರಿಕೆಯಾಯಿತು. 1940ರ ದಶಕದಲ್ಲಿಯೇ ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಸಂಗೀತ ಚಿಕಿತ್ಸೆಯ ವ್ಯಾಸಂಗ ಪ್ರಾರಂಭವಾಯಿತು. 1950ರಲ್ಲಿ ರಾಷ್ಟ್ರೀಯ ಸಂಘವೂ ಸ್ಥಾಪನೆಯಾಯಿತು. ಕೆನಡಾದ ಮಾಂಟ್ರಿಯಲ್ ನಗರದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ವೈದ್ಯ ಬಾಲ್ಫರ್ ಮೌಂಟ್ 1975ರಲ್ಲಿ ಉಪಶಮನ ಆರೈಕೆಯ ವಿಭಾಗವನ್ನು ತೆರೆದರು. ಅವರೂ ಸಂಗೀತ ಚಿಕಿತ್ಸಕಿ ಸೂಸನ್ ಮನ್ರೋ ಅವರೂ ಸೇರಿ, ಇಂಥ ರೋಗಿಗಳ ಆರೈಕೆಯಲ್ಲಿ ಸಂಗೀತದ ಪಾತ್ರವನ್ನು ಕುರಿತು 1978ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ನೈಟಿಂಗೇಲರ ಗಮನಿಕೆ ಹೀಗೆ ಕ್ಯಾನ್ಸರ್ ರೋಗಿಯ ಹಾಸಿಗೆಯ ಬಳಿಗೆ ಬಂದು ನಿಂತಿತು.

ಇಂದು ಇದನ್ನು ಅಳೆದು ನೋಡಿದವರೂ ಇದ್ದಾರೆ. 2021ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು 5,576 ಮಂದಿ ಕ್ಯಾನ್ಸರ್ ರೋಗಿಗಳು ಭಾಗವಹಿಸಿದ್ದ 81 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿತು. ವಯಸ್ಕ ರೋಗಿಗಳಲ್ಲಿ ಸಂಗೀತವು ಆತಂಕವನ್ನು ಗಣನೀಯವಾಗಿ ತಗ್ಗಿಸಬಹುದು, ನೋವನ್ನು ಸಾಧಾರಣ ಮಟ್ಟಿಗೆ ಕಡಿಮೆಮಾಡಬಹುದು, ದಣಿವಿನ ಮೇಲೆ ಮಾತ್ರ ಅದರ ಪ್ರಭಾವ ಅಲ್ಪ ಎಂದು ಅದು ಕಂಡುಕೊಂಡಿತು. ಪುರಾವೆಗಳು ಬಹುಮಟ್ಟಿಗೆ ಇನ್ನೂ ದುರ್ಬಲವೆಂದೂ ಪ್ರಾಮಾಣಿಕವಾಗಿ ಒಪ್ಪಿಕೊಂಡಿತು. ಆದುದರಿಂದ ಹಾಡು ಔಷಧದ ಸ್ಥಾನವನ್ನು ಆಕ್ರಮಿಸಲಾರದು. ದಣಿವು ಹೆಚ್ಚಿದರೆ ವೈದ್ಯರಿಗೆ ತಿಳಿಸಲೇಬೇಕು. ಆದರೆ ನಿತ್ರಾಣನಾದವನಿಗೆ ಅಲ್ಪವೂ ಅಲ್ಪವಲ್ಲ. ಎದ್ದು ಕುಳಿತು ಒಂದು ತುತ್ತು ಉಣ್ಣಲು ಬೇಕಾದಷ್ಟು ಉಲ್ಲಾಸ ದೊರೆತರೂ ಅದು ಆ ದಿನದ ವರವೇ ಸರಿ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂಥ ರೋಗಿಗಳಿದ್ದರೆ ಮೊದಲು ಕೇಳಿರಿ: ಈಗ ಹಾಡು ಬೇಕೇ? ಯಾವ ಹಾಡು? ಎಷ್ಟು ಹೊತ್ತು? ನಮಗೆ ಪ್ರಿಯವಾದುದನ್ನಲ್ಲ, ಅವರು ಬಯಸಿದುದನ್ನು ಹಾಡೋಣ. ಧ್ವನಿ ತಗ್ಗಿರಲಿ. ಬೇಡವೆಂದರೆ ಮೌನವಾಗಿ ಪಕ್ಕದಲ್ಲಿ ಕುಳಿತಿರೋಣ. ನವೆಂಬರ್ 22ರಂದು ಸಂತ ಸಿಸಿಲಿಯಾಳ ಹಬ್ಬವನ್ನು ಆಚರಿಸುವ ನಮ್ಮ ಗಾನವೃಂದಗಳು ಆ ವಾರ ಇಬ್ಬಿಬ್ಬರಾಗಿ ರೋಗಿಗಳ ಮನೆಗೆ ಹೋಗಿಬರಬಾರದೇಕೆ?

ಆ ತಾಯಿಯ ಮನೆಗೆ ನಾನು ಎರಡನೆಯ ಬಾರಿ ಹೋದಾಗ ಗಾನವೃಂದದ ಒಬ್ಬಳೇ ಹುಡುಗಿ ಜೊತೆಗಿದ್ದಳು. ಆಕೆ ಹೇಳಿದ ಮರಿಯಮ್ಮನವರ ಹಾಡನ್ನೇ ವಾದ್ಯವಿಲ್ಲದೆ ಮೆಲ್ಲನೆ ಹಾಡಿದಳು. ಮೊದಲ ಚರಣಕ್ಕೆ ಆಕೆಯ ತುಟಿಗಳೂ ಅಲುಗಿದವು. ಮೂರನೆಯ ಚರಣ ಮುಗಿಯುವ ಮೊದಲೇ ಆಕೆಗೆ ನಿದ್ರೆ ಹತ್ತಿತ್ತು. ಹುಡುಗಿ ನನ್ನತ್ತ ನೋಡಿದಳು. ಹಾಡನ್ನು ಅಲ್ಲಿಗೇ ನಿಲ್ಲಿಸುವಂತೆ ಸನ್ನೆಮಾಡಿದೆ. ಬಾಗಿಲನ್ನು ಸದ್ದಾಗದಂತೆ ಮುಂದೆಳೆದುಕೊಂಡು ನಾವು ಹೊರಗೆ ಬಂದೆವು.