ಹಾಲಿ ಸಿಕ್ಕಾದಿಂದ ಪವರ್‌ಶೆಲ್‌ವರೆಗೆ: ಯಾವ ನೂರು?

ಬೀದರಿನ ಗಾಂಧಿ ಗಂಜಿನ ತೊಗರಿ ದರ ಓದುಗರಿಗೆ ಕಳಿಸುವಾಗ ನಾವು ಒಮ್ಮೆ ತಪ್ಪು ಮಾಡಿದೆವು. ದರಗಳ ಕಡತದಿಂದ ಅತಿ ಹೆಚ್ಚಿನದನ್ನು ಹೆಕ್ಕಲು ನಾವೇ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದಿದ್ದೆವು. ಅದು 9800 ಎಂದಿತು, ನಾವು ಹಾಗೇ ಕಳಿಸಿದೆವು. ಭಾಲ್ಕಿ ಕಡೆಯ ರೈತರೊಬ್ಬರು ಫೋನ್ ಮಾಡಿದರು: "ಗಂಜಿನಾಗ ತೊಗರಿ ಹತ್ತು ಸಾವಿರದ ಮ್ಯಾಲೆ ಹೋಗ್ಯಾದ, ನೀವು ಒಂಬತ್ತು ಸಾವಿರದ ಎಂಟ್ನೂರೇ ಹೆಚ್ಚಂತ ಬರ್ದೀರಲ್ರಿ?" ಕಡತ ತೆರೆದರೆ 10200 ಅಲ್ಲೇ ಕೂತಿತ್ತು. ನಮ್ಮ ಮಾತು ನಂಬಿ ಯಾರಾದರೂ ಮಾಲು ಕೊಟ್ಟಿದ್ದರೆ ಕ್ವಿಂಟಲಿಗೆ 400 ರೂಪಾಯಿ ಹೋಗುತ್ತಿತ್ತು.

ಕಂಪ್ಯೂಟರಿಗೆ ಲೆಕ್ಕ ಬರುತ್ತದೆ. ಆದರೆ ನಾವು ಕೊಟ್ಟದ್ದು ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು. ನಿಘಂಟಿನಲ್ಲಿ ಪದ ಜೋಡಿಸುವ ಹಾಗೆ ಅದು ಮೊದಲ ಅಕ್ಷರ ನೋಡಿತು. 1ಕ್ಕಿಂತ 9 ದೊಡ್ಡದು, ಅಲ್ಲಿಗೆ ಮುಗಿಯಿತು.

ನಮ್ಮ ಸೀಮೆಗೆ ಈ ಗೊಂದಲ ಹೊಸದಲ್ಲ. ಬೀದರ್ ನಿಜಾಮರ ಹೈದರಾಬಾದಿನಲ್ಲಿದ್ದಾಗ ಎರಡು ಬಗೆಯ ರೂಪಾಯಿ ಇತ್ತು: ಸಂಸ್ಥಾನದ ಹಾಲಿ ಸಿಕ್ಕಾ, ಬ್ರಿಟಿಷರ ಕಲ್ದಾರ್. ಭಾರತಕ್ಕೆ ಸೇರಿದ ಮೇಲೂ ಹಾಲಿ ಸಿಕ್ಕಾ 1959ರವರೆಗೆ ಉಳಿಯಿತು. 7 ಹಾಲಿಗೆ 6 ಭಾರತದ ರೂಪಾಯಿ ಎಂಬುದು ದರ. ಅಂದರೆ ಭಾರತದ ನೂರು ರೂಪಾಯಿಗೆ ಹಾಲಿಯಲ್ಲಿ 116 ರೂಪಾಯಿ 10 ಆಣೆ 8 ಪೈ. ಕಾಗದದ ಮೇಲೆ ಬರೀ 'ನೂರು' ಎಂದಿದ್ದರೆ ಯಾವ ನೂರು? ಅದರ ಮೇಲೆ ಆಣೆಯ ಲೆಕ್ಕ ಬೇರೆ. 5-8 ಎಂದರೆ ಐದು ರೂಪಾಯಿ ಎಂಟಾಣೆ, ಐದೂವರೆ. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದ ಮೇಲೆ ಅದನ್ನೇ 5.8 ಎಂದು ಓದಿದರೆ ಐದು ರೂಪಾಯಿ ಎಂಬತ್ತು ಪೈಸೆ.

ಕಂಪ್ಯೂಟರಿನಲ್ಲಿ ಇದೇ ತೊಡಕು ಯುನಿಕ್ಸ್ ಕಾಲದಿಂದ ಇದೆ. 1973ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಗ್ ಮೆಕಿಲ್ರಾಯ್ ಹಟ ಹಿಡಿದು ಕೇಳಿದ 'ಪೈಪ್' ಅನ್ನು ಕೆನ್ ಥಾಂಪ್ಸನ್ ಕೂರಿಸಿದರು. ಒಂದು ಪ್ರೋಗ್ರಾಂ ಉಗುಳಿದ ಅಕ್ಷರಗಳನ್ನು ಇನ್ನೊಂದು ನುಂಗುತ್ತದೆ. ಯಾವುದಕ್ಕೂ ಯಾವುದನ್ನೂ ಜೋಡಿಸಬಹುದು, ಅದೇ ಅದರ ಬಲ. ಆದರೆ ಸಾಗುವುದು ಚೀಟಿ ಇಲ್ಲದ ಚೀಲ. ಒಳಗಿರುವುದು ದರವೋ ತಾರೀಖೋ ಎಂದು ಮುಂದಿನವನೇ ಊಹಿಸಬೇಕು.

ಯುನಿಕ್ಸ್‌ನಲ್ಲಿ ಹೆಚ್ಚಿನ ಮಾಹಿತಿ ಅಕ್ಷರದ ಕಡತಗಳಲ್ಲೇ ಇತ್ತು, ಹಾಗಾಗಿ ನಡೆಯಿತು. ವಿಂಡೋಸ್‌ನಲ್ಲಿ ಹಾಗಿರಲಿಲ್ಲ. ಮೈಕ್ರೋಸಾಫ್ಟಿನ ಜೆಫ್ರಿ ಸ್ನೋವರ್ 2002ರಲ್ಲಿ ಬೇರೆ ದಾರಿ ಬರೆದಿಟ್ಟರು: ಪೈಪಿನಲ್ಲಿ ಅಕ್ಷರ ಬೇಡ, ವಸ್ತುವೇ ಹೋಗಲಿ, ಅಂದರೆ 'ಆಬ್ಜೆಕ್ಟ್'. ತಾರೀಖು ತಾರೀಖಾಗಿಯೇ, ಸಂಖ್ಯೆ ಸಂಖ್ಯೆಯಾಗಿಯೇ ದಾಟಲಿ. ಅದು 2006ರ ನವೆಂಬರಿನಲ್ಲಿ ಪವರ್‌ಶೆಲ್ ಆಗಿ ಹೊರಬಂತು. 2016ರಲ್ಲಿ ಲಿನಕ್ಸ್‌ಗೂ ತೆರೆದುಕೊಂಡಿತು.

ತಮಾಷೆ ಎಂದರೆ, ನಾವು ಎಡವಿದ್ದು ಈ ಪವರ್‌ಶೆಲ್‌ನಲ್ಲೇ! ನಮ್ಮ ದರಗಳಿದ್ದದ್ದು ಸಿಎಸ್‌ವಿ ಕಡತದಲ್ಲಿ. 'ಇಂಪೋರ್ಟ್-ಸಿಎಸ್‌ವಿ' ಅದನ್ನು ಓದುವಾಗ ಪ್ರತಿ ಸಾಲನ್ನೂ ಆಬ್ಜೆಕ್ಟ್ ಮಾಡುತ್ತದೆ, ಆದರೆ ಒಳಗಿನ ಪ್ರತಿ ಮನೆಯನ್ನೂ ಅಕ್ಷರವೆಂದೇ ಇಡುತ್ತದೆ. ಹೊರಗೆ ಚೀಟಿ ಇದೆ, ಒಳಗಿಲ್ಲ. 'ಗೆಟ್-ಮೆಂಬರ್' ಎಂದು ಕೇಳಿದಾಗ ದರದ ಮುಂದೆ 'ಸ್ಟ್ರಿಂಗ್' ಎಂದು ತೋರಿಸಿತು. ಜೋಡಿಸುವ ಮುನ್ನ ದರವನ್ನು ಸಂಖ್ಯೆಯೆಂದು, 'ಇಂಟ್' ಎಂದು, ನಾವೇ ಹೇಳಬೇಕಿತ್ತು. ಹೇಳಿದ ಮೇಲೆ 10200 ಮೇಲಕ್ಕೆ ಬಂತು. ಕೂಡಿಸುವಾಗಲೂ ಇದೇ ಕಥೆ: ಅಕ್ಷರದ 5ಕ್ಕೆ 1 ಸೇರಿಸಿದರೆ 51, 1ಕ್ಕೆ ಅಕ್ಷರದ 5 ಸೇರಿಸಿದರೆ 6. ಎಡಗಡೆ ಇದ್ದದ್ದರ ಮಾತೇ ನಡೆಯುತ್ತದೆ.

ತಿದ್ದಿದ ದರವನ್ನು ಅಂದೇ ಕಳಿಸಿದೆವು. ಈಗ ಔರಾದ್ ಕಡೆಯ ಓದುಗರು ಹೊಲಗಳ ವಿಸ್ತೀರ್ಣ ಕೂಡಿಸಿಕೊಡಿ ಎಂದಿದ್ದಾರೆ. 2 ಎಕರೆ 10 ಗುಂಟೆ, 1 ಎಕರೆ 35 ಗುಂಟೆ. ಚುಕ್ಕಿ ಇಟ್ಟು ಕೂಡಿದರೆ 3.45 ಬರುತ್ತದೆ. ಸರಿಯಾದದ್ದು 4 ಎಕರೆ 5 ಗುಂಟೆ. ಈ ಸಲ ಎಕರೆಗೆ ಒಂದು, ಗುಂಟೆಗೆ ಒಂದು ಕಾಲಂ ಮಾಡಿಕೊಂಡಿದ್ದೇವೆ.